ಹೊಲಿಗೆಯೊಳಗಿನ ಮುಖ

ಫೋಟೋಗ್ರಾಫರ್ ಕಾಕಾ ತೀರಿಕೊಂಡ ಮೇಲೆ ಗದಗಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ನಾನೂ ಹೋಗಿದ್ದೆ. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ಪರದೆಯ ಮೇಲೆ ಕಾಕಾರ ಫೋಟೋ ಪುಸ್ತಕದ ಪುಟಗಳನ್ನು ತೋರಿಸಿ, ‘ಸತ್ತವರನ್ನು ಪುಸ್ತಕದ ಹೊಲಿಗೆಯೊಳಗೆ ಮರೆಮಾಡಿದ ಕಲಾವಿದ’ ಎಂದು ಬಣ್ಣಿಸಿದರು. ಜನ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಆ ಮೇಡಂ ತೋರಿಸಿದ್ದು ಅಚ್ಚಾಗದ ಪುಸ್ತಕ. ಅಚ್ಚಾದದ್ದು ಬೇರೆ. ಆ ಎರಡರ ನಡುವೆ ಏನು ನಡೆಯಿತು ಎನ್ನುವುದನ್ನು ಬಿಟ್ಟು ಆ ಮನುಷ್ಯನ ಬಗ್ಗೆ ಎಷ್ಟು ಹೊಗಳಿದರೂ ಅದು ಬೇರೆ ಯಾರನ್ನೋ ಹೊಗಳಿದಂತೆ. ನನ್ನ ಸರದಿ ಬಂದಾಗ ಇದನ್ನೆಲ್ಲ ಮೈಕಿನ ಮುಂದೆ ಹೇಳಲಾಗಲಿಲ್ಲ. ‘ಬಹಳ ಒಳ್ಳೆಯವರು’ ಎಂದು ಹೇಳಿ ಬಂದು ಕೂತುಬಿಟ್ಟೆ. ಒಳ್ಳೆಯವರು ಹೌದು, ಆದರೆ ಮಹಾ ಹಟಮಾರಿ. ಮೂಗಿನ ತುದಿಯಲ್ಲೇ ಸಿಟ್ಟು.

ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಪುಟ ಕೂಡಿಸುವ ಕೆಲಸ ಮಾಡುವವಳು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಎಲ್ಲವೂ ನನ್ನ ಕಂಪ್ಯೂಟರಿನ ಮೇಲೆಯೇ ಹಾದುಹೋಗಬೇಕು. ಕಾಕಾ ಬೆಟಗೇರಿಯವರು, ನೇಕಾರರ ಮನೆಯವರು. ಮಗ್ಗ ಮಾರಿದ ಮೇಲೆ ಮಗ್ಗದ ಕುಣಿಯನ್ನು ಮುಚ್ಚಿಸದೆ, ಅದರ ಮೇಲೆ ಹಲಗೆ ಹಾಸಿ ಫೋಟೋ ತೊಳೆಯುವ ಕತ್ತಲೆ ಕೋಣೆ ಮಾಡಿಕೊಂಡಿದ್ದರು. ‘ನಮ್ಮಪ್ಪ ಇದರಾಗ ಕಾಲು ಇಳಿಬಿಟ್ಟು ನೇಯ್ತಿದ್ದ, ನಾ ಪೂರಾ ಇಳದೀನಿ’ ಎನ್ನುತ್ತಿದ್ದರು. ಅವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ವರಸೆ ತಾಳೆಯಾಗುವುದಿಲ್ಲ ಎಂದು ಒಮ್ಮೆ ಹೇಳಿದ್ದಕ್ಕೆ, ‘ನೀ ಪುಟದಾಗ ಫೋಟೋ ತಾಳಿ ಮಾಡು, ಅಷ್ಟ ಸಾಕು’ ಎಂದು ಬಾಯಿ ಮುಚ್ಚಿಸಿದ್ದರು.

ನಮ್ಮ ಕಡೆ ಬಹಳ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ತೊಳೆದು, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂರಿಸಿದ ಮೇಲೆ ಮನೆಯವರು ಎರಡೂ ಬದಿಗೆ ಕೂತು ಕಡೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋ ತೆಗೆಯುವುದೇ ಇವರ ಮುಖ್ಯ ಕಸುಬು. ಮದುವೆಗೆ ಕರೆದರೆ ಹೋಗುತ್ತಿದ್ದರು, ಆದರೆ ಸಾವಿನ ಮನೆಗೆ ಕರೆಯದಿದ್ದರೂ ಹೋಗುತ್ತಿದ್ದರು. ಎಷ್ಟೋ ಹೆಂಗಸರಿಗೆ ಅದೊಂದೇ ಫೋಟೋ. ಮತದಾರರ ಚೀಟಿಯ ಮಸುಕು ಮುಖವನ್ನು ಬಿಟ್ಟರೆ ಅವರು ಭೂಮಿಯ ಮೇಲೆ ಇದ್ದರು ಎನ್ನಲು ಬೇರೇನೂ ಉಳಿದಿರುವುದಿಲ್ಲ.

ಸಾವಿನ ಮನೆಯಲ್ಲೂ ಅವರ ಸಿಡುಕು ಕಡಿಮೆಯಾಗುತ್ತಿರಲಿಲ್ಲ. ಮುಂಡರಗಿಯ ಒಂದು ಮನೆಯಲ್ಲಿ ಅಪ್ಪನ ಬಲಕ್ಕೆ ಯಾರು ಕೂರಬೇಕು ಎಂದು ಅಣ್ಣತಮ್ಮಂದಿರು ಜಗಳಕ್ಕೆ ನಿಂತರಂತೆ. ಇವರು ಕ್ಯಾಮೆರಾ ಚೀಲಕ್ಕೆ ಹಾಕಿ ಕಟ್ಟೆಯ ಮೇಲೆ ಕೂತು, ‘ನೀವು ಮೊದಲ ನಿಕಾಲಿ ಮಾಡ್ಕೊರಿ. ನಿಮ್ಮಪ್ಪಗ ಏನೂ ಗಡಿಬಿಡಿ ಇಲ್ಲ’ ಎಂದರಂತೆ. ಆ ಫೋಟೋದಲ್ಲಿ ಇಬ್ಬರೂ ಎಡಕ್ಕೇ ಕೂತಿದ್ದಾರೆ. ಬಲಕ್ಕೆ ಅಪ್ಪನ ತಂಗಿ ಕೂತಿದ್ದಾಳೆ, ಮುಖದಲ್ಲಿ ಅಳುವಿನ ಜೊತೆಗೆ ಸಣ್ಣ ಗೆಲುವೂ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ.

ಇಂಥ ಫೋಟೋಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ಮಾಡಬೇಕೆಂಬ ಹುಚ್ಚು ಅವರಿಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಒಂದು ದಿನ ಚೀಲ ಹೊತ್ತುಕೊಂಡು ಪ್ರೆಸ್ಸಿಗೆ ಬಂದರು. ಪ್ರತಿ ಫೋಟೋವನ್ನೂ ಎದುರುಬದುರಿನ ಎರಡು ಪುಟಕ್ಕೆ ಹರಡಬೇಕು ಎಂದರು. ನಾನು ಹರಡಿ ನೋಡಿದೆ. ನಡುವೆ ಕೂತ ಸತ್ತವರು ಸರಿಯಾಗಿ ಎರಡು ಪುಟ ಕೂಡುವ ಮಡಿಕೆಗೆ ಬಂದರು.

“ಕಾಕಾ, ಮುಖ ಹೊಲಿಗ್ಯಾಗ ಹೋಗ್ತೈತ್ರಿ. ಒಂಚೂರು ಬಾಜೂಕ ಸರಸ್ಲ್ಯಾ?” ಎಂದೆ. ನಮ್ಮ ಕಸುಬಿನಲ್ಲಿ ಮುಖವನ್ನು ಹೊಲಿಗೆಗೆ ಬಿಡುವುದು ಹೊಸಬರು ಮಾಡುವ ತಪ್ಪು.

“ಸರಸಬ್ಯಾಡ. ಅದು ಅಲ್ಲೇ ಹೋಗಬೇಕು.”

“ಕಾಣ್ಸಂಗಿಲ್ರಿ ಮತ್ತ!”

“ಕಾಣ್ಸಬಾರ್ದು. ಎಡಕ್ಕ ಬದುಕಿದಾವ್ರು, ಬಲಕ್ಕ ಬದುಕಿದಾವ್ರು. ಸತ್ತಾವ್ರು ನಡುವ ಹೊಲಿಗ್ಯಾಗ. ಎಲ್ಲಾರನ್ನೂ ಹಿಡಕೊಂಡಿರೂದು ಅದ ಹೊಲಿಗೀನ ಅಲ್ಲೇನು?”

ಸುಳ್ಳು ಹೇಳಬಾರದು, ನನಗೆ ಆಗ ರೋಮಾಂಚನವಾಯಿತು. ಇಷ್ಟು ವರ್ಷ ಪುಟ ಕೂಡಿಸಿದ್ದೇನೆ, ಹೊಲಿಗೆಗೂ ಒಂದು ಅರ್ಥವಿರಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ. ಬೆಂಗಳೂರಿನ ಮೇಡಂ ಮೆಚ್ಚಿದ್ದೂ ಇದನ್ನೇ. ಅವರದೊಂದು ಕಲಾಸಂಸ್ಥೆ. ಪುಸ್ತಕ ಅಚ್ಚು ಹಾಕಿಸುವ ಹೊಣೆ ಅವರದು, ಬಿಡುಗಡೆ ಅವರ ಪ್ರದರ್ಶನದಲ್ಲಿ. ‘ಇಲ್ಲದವರನ್ನು ತೋರಿಸದೆಯೇ ತೋರಿಸಿದ್ದೀರಿ’ ಎಂದು ಅವರು ಫೋನಿನಲ್ಲಿ ಹೇಳಿದ್ದನ್ನು ಕಾಕಾ ನನ್ನ ಮುಂದೆ ಬೇರೆ ಬೇರೆ ದಿನ ಹೊಸ ಸುದ್ದಿಯಂತೆ ಹೇಳಿದರು. ಕಾಕಾರ ಎದೆ ಆಗಲೇ ಒಮ್ಮೆ ಕೈಕೊಟ್ಟಿತ್ತು. ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ‘ಇದೊಂದು ಕೈಯಾಗ ಬರ್ಲಿ ತಂಗಿ, ಆಮ್ಯಾಲ ಏನರ ಆಗ್ಲಿ’ ಎನ್ನುತ್ತಿದ್ದರು.

ಮನೆಯವರ ಒಪ್ಪಿಗೆಯಿಲ್ಲದೆ ಒಂದು ಮುಖವನ್ನೂ ಹಾಕುವುದಿಲ್ಲ ಎಂಬುದು ಅವರ ಹಟ. ಅದರಲ್ಲೂ ಒಂದು ಕಟ್ಟಳೆ ಇತ್ತು. ಮನೆಯ ಯಜಮಾನನನ್ನು ಕೇಳುತ್ತಿರಲಿಲ್ಲ. ಫೋಟೋದಲ್ಲಿ ಸತ್ತವರಿಗೆ ತೀರ ಹತ್ತಿರ ಯಾರು ಕೂತಿದ್ದಾರೋ ಅವರನ್ನೇ ಕೇಳುತ್ತಿದ್ದರು. ರವಿವಾರ ಬಂತೆಂದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಬಾಳೆಹೊಸೂರು ಎಂದು ನನ್ನನ್ನೂ ಕರೆದುಕೊಂಡು ಹೊರಡುತ್ತಿದ್ದರು. ಹೆಂಗಸರ ಜೊತೆ ಮಾತಾಡಲು ಹೆಂಗಸೊಬ್ಬಳು ಇರಲಿ ಎಂದು ನಾನು. ಲಕ್ಷ್ಮೇಶ್ವರದ ಒಬ್ಬ ಮುದುಕರು ಹೆಂಡತಿಯ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ‘ಸೆರಗು ಸರಿ ಮಾಡಿ ಹಾಕ್ರಿ. ಆಕಿ ಹಿಂಗ ಕುಂದ್ರಾಕಿ ಅಲ್ಲ’ ಎಂದು ಅಪ್ಪಣೆ ಕೊಟ್ಟರು.

ಹರ್ತಿಯಲ್ಲಿ ಗಂಗವ್ವನನ್ನು ಕೇಳಿದೆವು. ಅವಳ ಮಗಳು ಗಂಡನ ಮನೆ ಬಿಟ್ಟು ತವರಿಗೆ ಬಂದು, ಜ್ವರ ಹಿಡಿದು ಅಲ್ಲೇ ತೀರಿಕೊಂಡವಳು. ಗಂಡನ ಮನೆ ಬಿಟ್ಟು ಬಂದವಳ ಬಗ್ಗೆ ಊರು ಆಡಬೇಕಾದ್ದನ್ನೆಲ್ಲ ಆಡಿತ್ತು. ಫೋಟೋದಲ್ಲಿ ಗಂಗವ್ವ ಮಗಳ ಭುಜಕ್ಕೆ ಭುಜ ಹಚ್ಚಿ ಕೂತು, ಕ್ಯಾಮೆರಾವನ್ನು ನೆಟ್ಟ ಕಣ್ಣಿಂದ ನೋಡುತ್ತಿದ್ದಾಳೆ. ಆ ಫೋಟೋವನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ, “ಹಾಕ್ರಿ. ಹಿಂಗೊಬ್ಬಾಕಿ ಇದ್ಲು ಅಂತ ಗೊತ್ತಾಗ್ಲಿ” ಎಂದಳು.

ಈ ತಿರುಗಾಟದಲ್ಲೆಲ್ಲ ಕಾಕಾ ತೋರಿಸುತ್ತಿದ್ದದ್ದು ಬಿಡಿ ಫೋಟೋಗಳನ್ನು. ಹೊಲಿಗೆಯೊಳಗೆ ಮುಖ ಮುಚ್ಚುವ ಮಾದರಿ ಪುಸ್ತಕ, ನಾವು ಡಮ್ಮಿ ಎನ್ನುತ್ತೇವಲ್ಲ, ಅದು ಚೀಲದಲ್ಲೇ ಇರುತ್ತಿತ್ತು. “ಡಮ್ಮೀನೂ ತೋರಸ್ರಿ ಕಾಕಾ” ಎಂದು ನಾನು ಬಸ್ಸಿನಲ್ಲಿ ಹೇಳಿದೆ.

“ಪುಸ್ತಕದ ಮಾತು ಅವರಿಗೇನು ತಿಳಿತೈತಿ? ಫೋಟೋಕ್ಕ ಹೂಂ ಅಂದಾರ, ಆತು” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು.

ಅಚ್ಚು ಶುರುವಾಗುವ ದಿನ ಬೆಳಿಗ್ಗೆಯೇ ಪ್ಲೇಟು ಕೂಡಿಸಿ, ಮಸಿ ಹದ ಮಾಡಿ, ಮೊದಲ ಕೆಲವು ಶೀಟು ಹೊರಗೆ ಬಂದಿದ್ದವು. ಅಷ್ಟರಲ್ಲಿ ಒಬ್ಬ ಹುಡುಗ ಮೋಟರ್ ಸೈಕಲ್ ನಿಲ್ಲಿಸಿ ಸೀದಾ ಒಳಗೆ ನುಗ್ಗಿದ. ಗಂಗವ್ವನ ಮಗ ಈರಣ್ಣ, ತೀರಿಕೊಂಡವಳ ತಮ್ಮ. ಅವನ ಮದುವೆ ಗೊತ್ತಾಗಿದೆ ಎಂದು ನಮಗೆ ಆಗಲೇ ತಿಳಿದದ್ದು.

“ಆ ಫೋಟೋ ತಗೀರಿ,” ಎಂದ. ಅಕ್ಕನ ಹೆಸರನ್ನೂ ಹೇಳಲಿಲ್ಲ, ಅಕ್ಕ ಎಂದೂ ಅನ್ನಲಿಲ್ಲ. “ಬೀಗರಿಗೆ ನಾವು ಅದರದ್ದೇನೂ ಹೇಳಿಲ್ಲ. ಪುಸ್ತಕದಾಗ ಬಂದ್ರ ಮದುವಿ ಮುರೀತೈತಿ.”

“ನಿಮ್ಮವ್ವನ್ನ ಕೇಳೀನಿ. ಆಕಿ ಹೂಂ ಅಂದಾಳ,” ಎಂದರು ಕಾಕಾ.

“ಅವ್ವಗ ಏನು ತಿಳಿತೈತ್ರಿ?”

ಕೆಲವು ದಿನಗಳ ಹಿಂದೆ ಬಸ್ಸಿನಲ್ಲಿ ಕೇಳಿದ ಮಾತು. ನಾನು ಕಾಕಾರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಈರಣ್ಣ ಯಂತ್ರದ ಬಾಯಿಂದ ಬರುತ್ತಿದ್ದ ಶೀಟಿಗೆ ಕೈ ಹಾಕಿದ. ಕಾಕಾ ಅವನ ಮಣಿಕಟ್ಟು ಹಿಡಿದರು. ‘ಮುಟ್ಟಬ್ಯಾಡಲೇ!’ ಎಂದು ಕೂಗಿದ್ದಕ್ಕೆ ಪ್ರೆಸ್ಸಿನ ಮಾಲೀಕರೂ ಓಡಿ ಬಂದರು. ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ಕಾಕಾರ ಉಸಿರು ಸೀಟಿ ಹೊಡೆದಂತೆ ಕೇಳುತ್ತಿತ್ತು. ತುಟಿ ಬೆಳ್ಳಗಾಗಿದ್ದವು. ಈ ಹುಡುಗ ಒಮ್ಮೆ ನೂಕಿದರೆ ಮುಗಿಯಿತು ಎಂದು ನಾನು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಹುಡುಗ ನೂಕಲಿಲ್ಲ. “ಅವ್ವನ್ನ ಕರಕೊಂಡು ಬರ್ತೀನಿ. ಆಕೀನ ಹೇಳ್ಲಿ,” ಎಂದು ಹೊರಟುಹೋದ.

ಅವನು ಬರುವವರೆಗೆ ಯಾರೂ ಕೆಲಸ ಮಾಡಲಿಲ್ಲ. ಮಾಲೀಕರು ಮಸಿ ಒಣಗುತ್ತದೆ ಎಂದು ಗೊಣಗಿದರು. ಬೆಂಗಳೂರಿನಿಂದ ಫೋನು ಬಂತು, ಇಂದು ಅಚ್ಚು ಮುಗಿದರೆ ಮಾತ್ರ ಬೈಂಡಿಂಗ್ ಆಗಿ ಪ್ರದರ್ಶನಕ್ಕೆ ತಲುಪುತ್ತದೆ ಎಂದು. ‘ಆಗ್ತೈತ್ರಿ, ಆಗ್ತೈತಿ’ ಎಂದು ಹೇಳಿ ಕಾಕಾ ಫೋನು ಇಟ್ಟರು. ಗುಳಿಗೆ ನಾಲಿಗೆಯಡಿ ಇಟ್ಟುಕೊಂಡು ಗೋಡೆಗೆ ಆನಿಕೊಂಡು ನಿಂತರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

ಗಂಗವ್ವ ಬಂದು ಕಾಗದದ ಬಂಡಲಿನ ಮೇಲೆ ಕೂತಳು. ಈರಣ್ಣ ಬಾಗಿಲಿಗೆ ಅಡ್ಡ ನಿಂತ. ಕಾಕಾ ಅವನತ್ತ ಹೋಗಿ, ಅವನಿಗೆ ಹೇಳುವಂತೆ ಡಮ್ಮಿ ಬಿಡಿಸಿದರು. “ನೋಡಪಾ, ನಿಮ್ಮಕ್ಕನ ಮುಖ ಎಲ್ಲೆ ಕಾಣ್ತೈತಿ? ಹೊಲಿಗ್ಯಾಗ ಹೋಗೇತಿ. ಯಾರಿಗೂ ಗುರ್ತು ಹತ್ತಂಗಿಲ್ಲ.”

ಈರಣ್ಣ ಬಗ್ಗಿ ನೋಡಿದ. ಬೆರಳಿನಿಂದ ಮಡಿಕೆಯನ್ನು ತುಸು ಅಗಲಿಸಿಯೂ ನೋಡಿದ. ಅವನ ಮುಖ ಸಡಿಲಾಯಿತು. “ಹಂಗಾರ ಅಡ್ಡಿಲ್ರಿ. ಇದನ್ನ ಮೊದಲ ಹೇಳಬಾರ್ದ್ರಿ? ಏ ಅವ್ವ, ಕಾಣ್ಸಂಗಿಲ್ಲ ತಗೊ. ನಡಿ, ಹೋಗೂಣು.”

ಮಾಲೀಕರು ಯಂತ್ರದವನಿಗೆ ಕೈಸನ್ನೆ ಮಾಡಿದರು. ಕಾಕಾ ಬೆವರು ಒರೆಸಿಕೊಂಡರು. ಎಲ್ಲ ಮುಗಿಯಿತು ಎಂದು ನಾನೂ ಅಂದುಕೊಂಡೆ.

“ತಡೀರಿ,” ಎಂದಳು ಗಂಗವ್ವ. “ನನಗ ಕೊಡ್ರಿ ಅದನ್ನ.”

ಡಮ್ಮಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡ ಪುಟದಲ್ಲಿ ಅವಳೇ ಕೂತಿದ್ದಳು, ಒಂದು ಭುಜ ಮಡಿಕೆಯೊಳಗೆ ಹೋಗಿತ್ತು. ಬಲ ಪುಟದಲ್ಲಿ ಚಿಕ್ಕವನಾಗಿದ್ದ ಈರಣ್ಣ. ನಡುವೆ ಒಂದಿಷ್ಟು ಹೂವು, ಒಂದು ಕಿವಿಯ ಅಂಚು, ಅಷ್ಟೆ.

“ಎಲ್ಲೆ ಅದಾಳ್ರಿ ಆಕಿ?”

ಎಲ್ಲರನ್ನೂ ಹಿಡಿದುಕೊಂಡಿರುವುದು ಹೊಲಿಗೆಯೇ ಎಂದು ನನಗೆ ಹೇಳಿದ್ದನ್ನೇ ಕಾಕಾ ಅವಳಿಗೂ ಹೇಳಲು ನೋಡಿದರು. ಮಾತು ಅರ್ಧಕ್ಕೇ ನಿಂತಿತು. ಗಂಗವ್ವ ಅವರನ್ನು ಅದೇ ನೆಟ್ಟ ಕಣ್ಣಿಂದ ನೋಡುತ್ತಿದ್ದಳು.

“ಆಕಿ ಕಾಣ್ಸಂಗಿಲ್ಲಂದ್ರ, ನಾ ಯಾಕ ಕುಂತೀನಿ ಅಲ್ಲೆ?”

ಅವಳು ಪುಟ ತಿರುವಿದಳು. ಮುಂಡರಗಿಯ ಅಣ್ಣತಮ್ಮಂದಿರು, ಲಕ್ಷ್ಮೇಶ್ವರದ ಮುದುಕರು. ಎಲ್ಲರ ನಡುವೆಯೂ ಮಡಿಕೆ. “ಇವ್ರ ಮನ್ಯಾವ್ರಿಗೂ ಹಿಂಗ ಅಂತ ಗೊತ್ತೈತೇನ್ರಿ?”

“ಇಲ್ಲ,” ಎಂದರು ಕಾಕಾ.

“ಯಾರಿಗಂಜಿ ಮುಚ್ಚೀರಿ? ನಾವಂತೂ ಮುಚ್ಚು ಅಂದಿಲ್ಲ.” ದನಿ ಏರಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. “ನಿಮ್ಮ ಮನಿದು ಯಾವುದ್ರಿ ಇದರಾಗ?”

ಕಾಕಾರ ಹೆಂಡತಿ ನಾನು ಪ್ರೆಸ್ಸಿಗೆ ಸೇರುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆ ಫೋಟೋ ಒಂದಿದೆ ಎನ್ನುವುದು ಕೂಡ ನನಗೆ ಗೊತ್ತಿರಲಿಲ್ಲ.

“ನಮ್ಮಾಕಿದು ಐತಿ. ಇದರಾಗ ಹಾಕಿಲ್ಲ,” ಎಂದರು.

“ಬಾಜೂಕ ಯಾರು ಕುಂತಾರ?”

“ಯಾರೂ ಇಲ್ಲ. ಕುಂದ್ರಾವ ನಾನ ಇದ್ದೆ. ನಾ ಫೋಟೋ ತಗ್ಯಾಕ ನಿಂತಿದ್ದೆ.”

ಗಂಗವ್ವ ಡಮ್ಮಿ ಮುಚ್ಚಿ ಪಕ್ಕಕ್ಕಿಟ್ಟು, ಮೆಲ್ಲಗೆ ಅಂದಳು: “ಕುಂದ್ರಬೇಕಿತ್ರಿ ನೀವು.”

ಅಷ್ಟು ಸಿಡುಕಿನ ಮನುಷ್ಯ ಮಕ್ಕಳ ಹಾಗೆ ಅತ್ತರು. ಈರಣ್ಣ ಬಾಗಿಲಿಂದ ಸರಿದು ಬಂದು ಅವರಿಗೊಂದು ಸ್ಟೂಲು ಎಳೆದುಕೊಟ್ಟ. ನನಗೂ ದುಃಖ ತಡೆಯಲಿಲ್ಲ.

ಆಮೇಲೆ ಗಂಗವ್ವ ಮಗನ ಕಡೆ ತಿರುಗಿದಳು. “ನಿನ್ನ ಮದುವಿ ಆಗ್ಲಿ, ಆಮ್ಯಾಲ ಪುಸ್ತಕ ಬರ್ಲಿ. ಅಲ್ಲೀ ಮಟ ನಾ ತಡೀತೀನಿ. ಆದ್ರ ಬಂದಾಗ ಆಕಿ ಕಾಣಬೇಕು.” ಮಗ ತಲೆ ತಗ್ಗಿಸಿದ.

ಕಾಕಾ ಎದ್ದು ಯಂತ್ರದವನಿಗೆ, “ಪ್ಲೇಟ್ ಇಳಸು” ಎಂದರು. ಅಲ್ಲಿಂದಲೇ ಬೆಂಗಳೂರಿಗೆ ಫೋನು ಮಾಡಿದರು. ಮೇಡಂ ಕೆಟ್ಟವರೇನಲ್ಲ, ಬಹಳ ತಾಳ್ಮೆಯಿಂದಲೇ ವಾದಿಸಿದರು. ಸ್ಪೀಕರಿನಲ್ಲಿ ನಾವೆಲ್ಲ ಕೇಳಿಸಿಕೊಂಡೆವು. “ಮಡಿಕೆ ತೆಗೆದರೆ ಇದರಲ್ಲಿ ಏನು ಉಳಿಯುತ್ತೆ ಹೇಳಿ? ಬರೀ ಆಲ್ಬಮ್ ಆಗುತ್ತೆ ಅಷ್ಟೆ.”

“ಹೌದ್ರಿ. ಆಲ್ಬಮ್ಮ ಆಗ್ತೈತಿ,” ಎಂದರು ಕಾಕಾ.

ಸಂಸ್ಥೆ ಕೈಬಿಟ್ಟಿತು. ಪ್ರದರ್ಶನವೂ ಹೋಯಿತು. ಕಾಕಾ ಡಮ್ಮಿಯನ್ನು ಹೊತ್ತು ಮತ್ತೆ ಮನೆಮನೆಗೆ ಹೋದರು. ಈ ಸಲ ಮೊದಲು ಅದನ್ನೇ ಬಿಡಿಸಿ, ‘ನಾ ಹಿಂಗ ಮಾಡಿದ್ದೆ, ನಿಮ್ಮನ್ನ ಕೇಳಿದ್ದಿಲ್ಲ’ ಎಂದು ಒಪ್ಪಿಕೊಂಡು ಆಮೇಲೆ ಕೇಳುತ್ತಿದ್ದರು. ಕಳಸಾಪುರದಲ್ಲಿ ಒಬ್ಬಳು ಬೈದಳು, ನಿಂತು ಬೈಸಿಕೊಂಡರು. ಬೇಡ ಎಂದವರ ಫೋಟೋ ಬಿಟ್ಟರು. ಉಳಿದವರೆಲ್ಲ ಮುಖ ಕಾಣಲಿ ಎಂದರು. ಮೆಟ್ಟಿಲಿದ್ದಲ್ಲಿ ನಾನು ಅವರ ತೋಳು ಹಿಡಿಯುತ್ತಿದ್ದೆ. ಮೊದಲಾಗಿದ್ದರೆ ಕೊಸರಿಕೊಳ್ಳುತ್ತಿದ್ದರು.

ಪುಸ್ತಕ ಕೊನೆಗೆ ನಮ್ಮ ಪ್ರೆಸ್ಸಿನಲ್ಲೇ, ಸಾಧಾರಣ ಕಾಗದದ ಮೇಲೆ ಬಂತು. ಒಂದು ಪುಟಕ್ಕೆ ಒಂದು ಫೋಟೋ, ಎದುರು ಪುಟ ಖಾಲಿ. ಕಡೆಯದು ಅವರ ಹೆಂಡತಿಯದು. ಗೋಡೆಗೆ ಆನಿಸಿ ಕೂರಿಸಿದ್ದಾರೆ, ಪಕ್ಕದಲ್ಲಿ ಹಾಸಿದ ಕಂಬಳಿ ಬರಿದಾಗಿದೆ.

ಈರಣ್ಣನ ಮದುವೆಯಾಗಿ ಕೆಲವು ತಿಂಗಳಾಗಿತ್ತು. ನಾನೂ ಕಾಕಾರೂ ಪುಸ್ತಕ ತೆಗೆದುಕೊಂಡು ಹರ್ತಿಗೆ ಹೋದೆವು. ಈರಣ್ಣ ನಮ್ಮನ್ನು ನೋಡಿ ಬರ್ರಿ ಎಂದನಾದರೂ ಒಳಗೆ ಹೆಂಡತಿ ಇರುವ ಕಡೆಗೊಮ್ಮೆ ನೋಡಿದ. ಗಂಗವ್ವ ಪಡಸಾಲೆಯಲ್ಲಿ ಕೂತು ಪುಟ ತಿರುವಿ ಮಗಳನ್ನು ಹುಡುಕಿದಳು. ಸಿಕ್ಕ ಕೂಡಲೇ ಅಳುತ್ತಾಳೆ ಎಂದು ನಾನು ಕಾದೆ. ಅವಳು ಅಡುಗೆ ಮನೆಯ ಕಡೆ ಮುಖ ಮಾಡಿ ಕರೆದಳು: “ಸೊಸಿ, ಬಾರವ್ವ ಇಲ್ಲೆ. ನಿಮ್ಮ ನಾದಿನಿ ಬಂದಾಳ, ನೋಡು ಬಾ.”

ಈರಣ್ಣ ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತ. ಹುಡುಗಿ ಕೈ ಒರೆಸಿಕೊಳ್ಳುತ್ತ ಬಂದು ಅತ್ತೆಯ ಪಕ್ಕ ಮಂಡಿಯೂರಿ ಬಗ್ಗಿದಳು. ಹೂವಿನ ನಡುವಿನ ಆ ಮುಖವನ್ನು, ಆಮೇಲೆ ಗಂಡನನ್ನು, ಮತ್ತೆ ಆ ಮುಖವನ್ನು ನೋಡಿದಳು.

“ಇವರಂಗ ಅದಾರ್ರಿ ಅತ್ತಿ. ಹೆಸರೇನ್ರಿ?” ಎಂದಳು.

ಗಂಗವ್ವ ಮಗನ ಕಡೆ ನೋಡಿದಳು. ನಾವೆಲ್ಲ ಅವನನ್ನೇ ನೋಡಿದೆವು.

“ಮಂಜಕ್ಕ,” ಎಂದ ಈರಣ್ಣ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ, “ಮಂಜುಳಾ. ನಮ್ಮಕ್ಕ.”

ಅವನೂ ಬಂದು ಹೆಂಡತಿಯ ಪಕ್ಕ ಕೂತ. ಪುಸ್ತಕದ ಸುತ್ತ ಮೂರೂ ಜನ ತಲೆಗೆ ತಲೆ ಹಚ್ಚಿ ಬಗ್ಗಿದ್ದರು. ಬಾಗಿಲ ಬೆಳಕು ಸರಿಯಾಗಿ ಅವರ ಮುಖದ ಮೇಲೆ ಬಿದ್ದಿತ್ತು. ಅಂಥ ಬೆಳಕಿಗಾಗಿ ಕಾಕಾ ಮನೆಗಳ ಮುಂದೆ ದಿನವಿಡೀ ಕಾಯುತ್ತಿದ್ದದ್ದನ್ನು ನಾನು ಬಲ್ಲೆ. ಕ್ಯಾಮೆರಾ ಅವರ ಹೆಗಲಲ್ಲೇ ಇತ್ತು, ಅವರು ಕೂತಲ್ಲಿಂದ ಏಳಲಿಲ್ಲ.

ಬಸ್ಸಿನಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ. “ಎಂಥಾ ಫೋಟೋ ಇತ್ತಲ್ರಿ ಕಾಕಾ! ಯಾಕ ತಗೀಲಿಲ್ಲ?”

ಅವರು ನನ್ನ ಕಡೆ ತಿರುಗಿ, ಇಷ್ಟು ಸಾದಾ ಸಂಗತಿ ತಿಳಿಯಲಿಲ್ಲವೇ ಎನ್ನುವಂತೆ ನೋಡಿದರು.

“ಗಂಗವ್ವನ ಬಾಜೂಕ ನಾ ಕುಂತಿದ್ದೆನಲ್ಲ ತಂಗಿ,” ಎಂದರು.